ಮ್ಯಾಗ್ನೆಟ್ ಬೆಲ್ಟ್, ಪಿಇಎಂಎಫ್ ಮ್ಯಾಟ್: ಡಬ್ಬದ ಮೇಲಿನ ಗೌಸ್ ಕೀಲಿನವರೆಗೂ ಮುಟ್ಟತ್ತಾ?

ಮಂಡ್ಯ_ಫಿಸಿಯೋ

ಎಲ್ಲರಿಗೂ ನಮಸ್ಕಾರ. ಮಂಡ್ಯದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರೋರಲ್ಲಿ ಮಂಡಿ ಸವೆತ, ಸೊಂಟನೋವಿನವರೇ ಜಾಸ್ತಿ. ಕಬ್ಬು ಕಡಿಯೋರು, ನಾಟಿ ಹಾಕೋ ಹೆಣ್ಣುಮಕ್ಕಳು, ವಯಸ್ಸಾದವರು. ಅವರಲ್ಲಿ ಬಹಳ ಜನ ಮ್ಯಾಗ್ನೆಟ್ ಬೆಲ್ಟ್ ಕಟ್ಟಿಕೊಂಡೇ ಬರ್ತಾರೆ. ದಸರಾ ವಸ್ತುಪ್ರದರ್ಶನದ ಮಳಿಗೆಯಲ್ಲಿ ಕೊಂಡದ್ದು, ಇಲ್ಲವೇ ಕಲ್ಯಾಣ ಮಂಟಪದಲ್ಲಿ ಮೀಟಿಂಗ್ ಮಾಡಿ ಮಾರಿದ್ದು. ಡಬ್ಬದ ಮೇಲೆ 3000 ಗೌಸ್ (ಗೌಸ್ ಅಂದರೆ ಕಾಂತಕ್ಷೇತ್ರದ ಬಲದ ಅಳತೆ) ಅಂತ ಅಚ್ಚಾಗಿರತ್ತೆ. ಈಗ ಡೀಲರ್ ಒಬ್ಬರು ಪಿಇಎಂಎಫ್ ಮ್ಯಾಟ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ಕಾಯಿಲ್‌ಗಳಿಗೆ ಕರೆಂಟನ್ನ ಮಿಡಿತದ ಥರ ಕೊಟ್ಟು ಕಾಂತಕ್ಷೇತ್ರ ಹುಟ್ಟಿಸೋ ಹಾಸು. 6 ಸೆಂ.ಮೀ. ಅಗಲದ 8 ಕಾಯಿಲ್, 1ರಿಂದ 100 ಹರ್ಟ್ಸ್, ಗರಿಷ್ಠ 100 ಗೌಸ್. ಬೆಲ್ಟೇ 3000 ಇರುವಾಗ 100ರ ಮಿಷನ್ ಯಾಕೆ ಅಂತ ಪೇಷಂಟ್‌ಗಳು ಕೇಳ್ತಾರೆ.

ಕೇಳಬೇಕಾಗಿರೋದು ಇಷ್ಟು: ಈ ಗೌಸ್ ಲೆಕ್ಕದಲ್ಲಿ ಎಷ್ಟು ಮಂಡಿಯೊಳಗೆ, ಎಷ್ಟು ಸೊಂಟದ ಡಿಸ್ಕ್‌ವರೆಗೆ ಮುಟ್ಟತ್ತೆ? ಗೌಸ್‌ಮೀಟರ್ ಕೊಳ್ಳದೆ ಕ್ಲಿನಿಕ್ಕಿನಲ್ಲೇ ಅಳೆಯೋಕೆ ದಾರಿ ಇದೆಯಾ? ಯಾವ ತೊಂದರೆಗೆ ನಿಜವಾಗಿ ಆಧಾರ ಇದೆ? ಯಾರನ್ನ ಈ ಮ್ಯಾಟ್ ಹತ್ತಿರವೂ ಬಿಡಬಾರದು? ಮ್ಯಾಟನ್ನ ಡೆಮೋಗೆ ಒಂದು ವಾರ ಇಟ್ಟುಕೊಳ್ಳೋಕೆ ಡೀಲರ್ ಒಪ್ಪಿದ್ದಾರೆ.

ಕಾಯಿಲ್_ಮೈಸೂರು

ಮೇಡಂ, ಆ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡೋ ಹಾಗೇ ಇಲ್ಲ. 3000 ಅನ್ನೋದು ಬಿಲ್ಲೆಯ ಮುಖಕ್ಕೆ ಅಂಟಿದ ಜಾಗದ ಅಳತೆ. ಬೆಲ್ಟ್‌ಗಳಲ್ಲಿ ಸಾಮಾನ್ಯವಾಗಿ ಹೊಲಿದಿರೋದು ಸಣ್ಣ ನಿಯೋಡಿಮಿಯಂ ಮ್ಯಾಗ್ನೆಟ್ ಬಿಲ್ಲೆ. 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ಮ್ಯಾಗ್ನೆಟ್ ಬಲದಲ್ಲಿ ಎನ್35 ದರ್ಜೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಮುಖದ ನಡುವೆ ಸುಮಾರು 3000 ಗೌಸ್ ಬರತ್ತೆ, ಅಲ್ಲಿಗೆ ಡಬ್ಬ ಹೇಳಿದ್ದು ಸರಿ. ಅದೇ ಬಿಲ್ಲೆಯಿಂದ 1 ಸೆಂ.ಮೀ. ದೂರದಲ್ಲಿ 230 ಗೌಸ್. 2 ಸೆಂ.ಮೀ.ನಲ್ಲಿ 42. 3 ಸೆಂ.ಮೀ.ನಲ್ಲಿ 14. ಸೊಂಟದ ಡಿಸ್ಕ್ ಚರ್ಮದಿಂದ 6 ಸೆಂ.ಮೀ. ಒಳಗಿದೆ ಅಂದರೂ ಅಲ್ಲಿಗೆ ಮುಟ್ಟೋದು ಸುಮಾರು 2 ಗೌಸ್. ಮೈ ತುಂಬಿದವರಲ್ಲಿ ಡಿಸ್ಕ್ ಇನ್ನೂ ಆಳದಲ್ಲಿರತ್ತೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೇ 0.4 ಗೌಸ್ ಇದೆ ಅನ್ನೋದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮೇಲಾಗಿ ಒಂದು ಬಿಲ್ಲೆ ಉತ್ತರ, ಪಕ್ಕದ್ದು ದಕ್ಷಿಣ ಅಂತ ಹೊಲಿದ ಬೆಲ್ಟ್‌ನಲ್ಲಿ ಒಂದರ ಕ್ಷೇತ್ರವನ್ನ ಇನ್ನೊಂದು ಕಳೆದುಹಾಕೋದರಿಂದ ಆಳದಲ್ಲಿ ಇಷ್ಟೂ ಉಳಿಯಲ್ಲ.

ಆಳಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಬೆಲ್ಟಿನದು ಅಲುಗಾಡದ ಕ್ಷೇತ್ರ. ಫ್ಯಾರಡೆ 1831ರಲ್ಲೇ ತೋರಿಸಿದ ಪ್ರಕಾರ, ಬದಲಾಗ್ತಾ ಇರೋ ಕ್ಷೇತ್ರ ಮಾತ್ರ ವಾಹಕದಲ್ಲಿ ವಿದ್ಯುತ್ ಹುಟ್ಟಿಸತ್ತೆ. ಪಿಇಎಂಎಫ್ ನಿಂತಿರೋದೇ ಆ ತತ್ವದ ಮೇಲೆ, ಅಂಗಾಂಶದಲ್ಲಿ ಸಣ್ಣ ಪ್ರೇರಿತ ವಿದ್ಯುತ್ತು ಹುಟ್ಟಿಸೋದು. ಹಾಗಾಗಿ ಏರಿಳಿಯೋ 20 ಗೌಸ್ ಮಾಡೋ ಕೆಲಸವನ್ನ ಸುಮ್ಮನೆ ಕೂತ 3000 ಗೌಸ್ ಮಾಡಲ್ಲ. ಅದು ಬೇರೆಯದೇ ವಸ್ತು.

ರಕ್ತದ ಕಬ್ಬಿಣವನ್ನ ಮ್ಯಾಗ್ನೆಟ್ ಎಳೆದು ರಕ್ತ ಓಡಿಸತ್ತೆ ಅನ್ನೋ ಮಾತನ್ನ ಪೇಷಂಟ್ ಹೇಳೇ ಹೇಳ್ತಾರೆ. ಹಿಮೋಗ್ಲೋಬಿನ್‌ನಲ್ಲಿರೋ ಕಬ್ಬಿಣ ಮೊಳೆಯ ಕಬ್ಬಿಣದ ಥರ ವರ್ತಿಸಲ್ಲ. ಆಮ್ಲಜನಕ ತುಂಬಿದ ರಕ್ತವನ್ನ ಮ್ಯಾಗ್ನೆಟ್ ತೀರಾ ಅಲ್ಪವಾಗಿ ದೂರ ತಳ್ಳತ್ತೆ, ಆಮ್ಲಜನಕ ಬಿಟ್ಟುಕೊಟ್ಟ ರಕ್ತವನ್ನ ತೀರಾ ಅಲ್ಪವಾಗಿ ಸೆಳೆಯತ್ತೆ. ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. 1.5 ಟೆಸ್ಲಾ ಎಂಆರ್‌ಐ ಅಂದರೆ 15,000 ಗೌಸ್. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತವೂ ಒಂದು ಕಡೆಗೆ ವಾಲಲ್ಲ.

ಇನ್ನು ನಿಮ್ಮ ಮ್ಯಾಟ್. ಕಾಯಿಲ್‌ನ ನಡುಗೆರೆಯ ಮೇಲೆ ಕ್ಷೇತ್ರ ಎಷ್ಟು ದೂರ ಉಳಿಯತ್ತೆ ಅನ್ನೋದು ಅದರ ಅಗಲದ ಮೇಲೆ ನಿಂತಿದೆ. 30 ಸೆಂ.ಮೀ. ಅಗಲದ ಕಾಯಿಲ್ ಆದರೆ 6 ಸೆಂ.ಮೀ. ಆಳದಲ್ಲಿ ಮೇಲ್ಮೈಯ 80% ಉಳಿಯತ್ತೆ. 6 ಸೆಂ.ಮೀ. ಕಾಯಿಲ್‌ನಲ್ಲಿ ಅದೇ ಆಳದಲ್ಲಿ ಉಳಿಯೋದು 9% ಮಾತ್ರ. ಡೀಲರ್ ಹತ್ತಿರ ಕೇಳಬೇಕಾದ ಪ್ರಶ್ನೆ 5 ಸೆಂ.ಮೀ. ಮೇಲೆ ಎಷ್ಟು ಅನ್ನೋದು. ಗರಿಷ್ಠ ಎಷ್ಟು ಅನ್ನೋದರಿಂದ ಏನೂ ತಿಳಿಯಲ್ಲ.

ಕಾಯಿಲ್_ಮೈಸೂರು

ಅಳೆಯೋ ವಿಷಯ ಬೇರೆಯಾಗಿ ಬರೀತೀನಿ, ಉದ್ದ ಇದೆ.

ಎಸ್‌ಎಸ್49ಇ ಅನ್ನೋ ಹಾಲ್ ಸೆನ್ಸರ್ ಕೇಳಿ, ಕಾಂತಕ್ಷೇತ್ರವನ್ನ ವೋಲ್ಟೇಜ್ ಆಗಿ ತೋರಿಸೋದು. ಮೂರು ಕಾಲಿನ, ಟ್ರಾನ್ಸಿಸ್ಟರ್‌ನಂಥ ಚಿಕ್ಕ ಭಾಗ, ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗತ್ತೆ. ಅಕ್ಷರ ಇರೋ ಮುಖ ನಿಮ್ಮ ಕಡೆ ತಿರುಗಿಸಿ ಕಾಲು ಕೆಳಗೆ ಹಿಡಿದರೆ ಎಡಗಡೆಯದು ಪ್ಲಸ್, ನಡುವಿನದು ಗ್ರೌಂಡ್, ಬಲಗಡೆಯದು ಔಟ್‌ಪುಟ್. 5 ವೋಲ್ಟ್ ಕೊಟ್ಟು ಮಲ್ಟಿಮೀಟರನ್ನ ಡಿಸಿ ವೋಲ್ಟ್‌ಗೆ ಇಟ್ಟು ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಹಿಡಿಯಿರಿ. ಹತ್ತಿರ ಮ್ಯಾಗ್ನೆಟ್ ಇಲ್ಲದಾಗ 2.5 ವೋಲ್ಟ್ ಆಸುಪಾಸು ತೋರಿಸತ್ತೆ. ಅದನ್ನ ಬರೆದಿಟ್ಟುಕೊಳ್ಳಿ, ಅದೇ ನಿಮ್ಮ ಸೊನ್ನೆ. ಅಲ್ಲಿಂದ ಪ್ರತಿ 1.4 ಮಿಲಿವೋಲ್ಟ್ ಬದಲಾವಣೆಗೆ 1 ಗೌಸ್. 2.500 ಇದ್ದದ್ದು 2.640 ಆಯಿತು ಅಂದರೆ 100 ಗೌಸ್. ಅಕ್ಷರದ ಮುಖಕ್ಕೆ ದಕ್ಷಿಣ ಧ್ರುವ ಹಿಡಿದರೆ ವೋಲ್ಟೇಜ್ ಏರತ್ತೆ, ಉತ್ತರ ಹಿಡಿದರೆ ಇಳಿಯತ್ತೆ. ಹಾಗಾಗಿ ಧ್ರುವವೂ ತಿಳಿದುಹೋಗತ್ತೆ.

ಇದರಲ್ಲಿ ಎಡವೋ ಜಾಗಗಳು ಕೆಲವಿವೆ. ಸೊನ್ನೆಯೂ ಸಂವೇದನೆಯೂ ಕೊಟ್ಟ ವೋಲ್ಟೇಜ್‌ಗೆ ತಕ್ಕ ಹಾಗೆ ಬದಲಾಗತ್ತೆ. ಮೊಬೈಲ್ ಚಾರ್ಜರ್ 4.8 ಕೊಡ್ತಿದ್ದರೆ ಲೆಕ್ಕ ತಪ್ಪತ್ತೆ, ಅದಕ್ಕೆ ಮೊದಲು ಸಪ್ಲೈ ಅಳೆಯಿರಿ. 1.5 ವೋಲ್ಟ್‌ನ ಮೂರು ಪೆನ್ಸಿಲ್ ಸೆಲ್ ಹಾಕಿ 4.5 ವೋಲ್ಟ್‌ನಲ್ಲೂ ನಡೆಸಬಹುದು, ಆಗ 1 ಗೌಸ್‌ಗೆ ಸುಮಾರು 1.25 ಮಿಲಿವೋಲ್ಟ್. ಸಾವಿರ ಗೌಸ್ ದಾಟಿದರೆ ಸೆನ್ಸರ್ ತುಂಬಿ ನಿಂತುಬಿಡತ್ತೆ, ಮುಂದಿನದು ತೋರಿಸಲ್ಲ. ಆದ್ದರಿಂದ ಬಿಲ್ಲೆಯನ್ನ ಸೆನ್ಸರಿನ ಮುಖಕ್ಕೆ ಅಂಟಿಸಿ ಅಳೀಬೇಡಿ, ನಡುವೆ 10 ಮಿ.ಮೀ. ಪ್ಲಾಸ್ಟಿಕ್ ತುಂಡು ಇಟ್ಟು ಅಳೆಯಿರಿ. ಸೆನ್ಸರ್ ವಾಲಿದರೂ ಕಡಿಮೆ ತೋರಿಸತ್ತೆ, ಅದನ್ನ ಸ್ಕೇಲಿಗೆ ಸೆಲ್ಲೋಟೇಪ್ ಹಾಕಿ ನೆಟ್ಟಗೆ ಕೂರಿಸಿ. ಕಬ್ಬಿಣದ ಮೇಜಿನ ಮೇಲೆ ಅಳೆದರೆ ಯಾವ ಅಂಕಿಯನ್ನೂ ನಂಬೋ ಹಾಗಿಲ್ಲ. ಮೊಬೈಲ್‌ನ ದಿಕ್ಸೂಚಿ ಆ್ಯಪ್‌ಗಳು ಕೆಲವೇ ಹತ್ತು ಗೌಸ್‌ಗೆ ತುಂಬಿಹೋಗೋದರಿಂದ ಈ ಕೆಲಸಕ್ಕೆ ಆಗಲ್ಲ.

ಮ್ಯಾಟಿನ ಮಿಡಿತಕ್ಕೆ ಮಲ್ಟಿಮೀಟರ್ ಸಾಲದು, ಅದು ಸರಾಸರಿ ತೋರಿಸತ್ತೆ. ಇದೇ ಸೆನ್ಸರನ್ನ ಅಂಗೈಯಗಲದ ಆಸಿಲೋಸ್ಕೋಪ್‌ಗೆ ಕೊಟ್ಟರೆ ಶಿಖರವೂ ಅಲೆಯ ಆಕಾರವೂ ಕಾಣತ್ತೆ. ಸ್ಕೋಪ್ ಇಲ್ಲದಿದ್ದರೆ 20 ಮಿ.ಮೀ. ಅಗಲದ ಪ್ಲಾಸ್ಟಿಕ್ ಪೈಪ್ ತುಂಡಿನ ಮೇಲೆ ತೆಳು ಎನಾಮಲ್ ತಾಮ್ರದ ತಂತಿ 100 ಸುತ್ತು ಸುತ್ತಿ, ಎರಡೂ ತುದಿಗಳನ್ನ ಹುರಿ ಮಾಡಿ, ಎಸಿ ಮಿಲಿವೋಲ್ಟ್ ಓದೋ ಮೀಟರಿಗೆ ಕೊಡಿ. ಸೈನ್ ಅಲೆ, 100 ಹರ್ಟ್ಸ್, ಗರಿಷ್ಠ 20 ಗೌಸ್ ಇದ್ದರೆ 28 ಮಿಲಿವೋಲ್ಟ್ ಬರಬೇಕು. ಮ್ಯಾಟ್ ಆಫ್ ಮಾಡಿ ಒಮ್ಮೆ ಓದಿ, ಮನೆ ಕರೆಂಟಿನಿಂದಲೇ ಬರೋ ಅಂಕಿ ಎಷ್ಟು ಅಂತ ಗೊತ್ತಾಗಲಿ. 10-15 ಹರ್ಟ್ಸ್‌ನಲ್ಲಿ ಅಗ್ಗದ ಮೀಟರ್‌ಗಳು ಕಡಿಮೆ ಓದ್ತವೆ. ಈ ಸುರುಳಿಯನ್ನ ಪೇಷಂಟ್ ಎದುರಿಗೇ ಅವರ ಬೆಲ್ಟ್ ಮೇಲಿಡಿ. ಮೀಟರ್ ಸೊನ್ನೆಯಲ್ಲೇ ನಿಂತಿರೋದು ಅವರ ಕಣ್ಣಿಗೇ ಬೀಳತ್ತೆ, ನೀವು ಇನ್ನೇನೂ ಹೇಳಬೇಕಾಗಿಲ್ಲ.

ಸರಸ್ವತಿಪುರಂ_ರೀಹ್ಯಾಬ್

ಆಧಾರದ ವಿಷಯ. ತೊಂದರೆಗೆ ತಕ್ಕ ಹಾಗೆ ಉತ್ತರ ಪೂರ್ತಿ ಬೇರೆ ಬೇರೆ.

ನೋವಿಗೆ ಕಟ್ಟೋ ಸ್ಥಿರ ಮ್ಯಾಗ್ನೆಟ್: 2007ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, ನಿಜ ಮ್ಯಾಗ್ನೆಟ್ಟಿಗೂ ಸುಳ್ಳು ಮ್ಯಾಗ್ನೆಟ್ಟಿಗೂ ಪೇಷಂಟ್ ತನ್ನ ನೋವು ಎಷ್ಟು ಅಂತ ಗುರುತು ಹಾಕೋ 100 ಮಿ.ಮೀ. ಪಟ್ಟಿಯ ಮೇಲೆ ಸಿಕ್ಕ ಅಂತರ 2 ಮಿ.ಮೀ. ಅಷ್ಟೇ. ಅದನ್ನ ಲೆಕ್ಕಕ್ಕೇ ತಗೊಳ್ಳೋ ಹಾಗಿಲ್ಲ. ಹಿಮ್ಮಡಿ ನೋವಿಗೆ ಮ್ಯಾಗ್ನೆಟ್ ಇನ್‌ಸೋಲ್ ಹಾಕಿಸಿ ನೋಡಿದ 2003ರ ಪ್ರಯೋಗದಲ್ಲೂ ಫಲ ಇಲ್ಲ. ಈ ಪ್ರಯೋಗಗಳಲ್ಲಿ ಒಂದು ಕಷ್ಟ ಇದೆ: ತನಗೆ ಸಿಕ್ಕಿದ್ದು ನಿಜ ಮ್ಯಾಗ್ನೆಟ್ಟೋ ಅಲ್ಲವೋ ಅಂತ ಪೇಷಂಟ್ ಒಂದು ಸೇಫ್ಟಿ ಪಿನ್ ಹಿಡಿದೇ ಕಂಡುಕೊಳ್ಳಬಹುದು. ಆಮೇಲೆ ಅವರು ಕೊಡೋ ಅಂಕಗಳಲ್ಲಿ ನಂಬಿಕೆಯೂ ಸೇರಿಕೊಳ್ಳತ್ತೆ. ಬೆಲ್ಟಿನಿಂದ ಹಿತ ಅನ್ನಿಸತ್ತೆ ಅನ್ನೋರಿಗೆ ಆ ಹಿತ ಬೆಲ್ಟಿನ ಬಿಗಿತ, ಬೆಚ್ಚನೆಯಿಂದಲೂ ಬಂದಿರಬಹುದು. ಮ್ಯಾಗ್ನೆಟ್ ಇಲ್ಲದ ಸಾದಾ ನೀ-ಕ್ಯಾಪ್ ಅದನ್ನೇ ಕೊಡತ್ತೆ.

ಮಂಡಿ ಸವೆತಕ್ಕೆ ಪಿಇಎಂಎಫ್: ಹಲವು ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ 9 ಪ್ರಯೋಗ, 636 ಜನರ ಮೇಲೆ ನಿಂತಿದೆ. 100ರ ಅಳತೆಯಲ್ಲಿ ನೋವು ಸುಳ್ಳು ಚಿಕಿತ್ಸೆಗಿಂತ ಸುಮಾರು 15 ಅಂಕ ಹೆಚ್ಚು ಇಳಿದಿದೆ. ಓಡಾಟ, ಕೂತು ಏಳೋ ಶಕ್ತಿ ಸುಧಾರಿಸಿತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಒಂದೊಂದು ಪ್ರಯೋಗದಲ್ಲಿ ಒಂದೊಂದು ಡೋಸ್ ಇರೋದರಿಂದ ಇಷ್ಟೇ ಹರ್ಟ್ಸ್, ಇಷ್ಟೇ ಗೌಸ್ ಅಂತ ಯಾರಾದರೂ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರೆ ನಂಬಬೇಡಿ. ನನ್ನ ಅಭಿಪ್ರಾಯ: ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ, 3 ವಾರ. ಶುರುವಲ್ಲೂ ಕೊನೆಯಲ್ಲೂ ನೋವಿನ ಅಂಕ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು ಅನ್ನೋದು, ಎರಡನ್ನೂ ಬರೆದಿಡಿ. ಅಂಕ 15 ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಕೋರ್ಸ್ ಹಾಕಿಸಬೇಡಿ. ತೊಡೆಯ ಮುಂಭಾಗದ ಸ್ನಾಯುವಿನ ವ್ಯಾಯಾಮ, ತೂಕ ಇಳಿಸೋದು ಮೊದಲಿನಿಂದಲೂ ಜೊತೆಗಿರಲೇಬೇಕು. ಕೂಲಿ ಬಿಟ್ಟು ಬರೋ ಜನ ಅವರು, ಮ್ಯಾಟಿನ ಮೇಲೆ ಮಲಗಿಸಿ ಮಾತ್ರ ಕಳಿಸಿದರೆ ಅವರ ದಿನ ವ್ಯರ್ಥ.

ಮುರಿದ ಮೇಲೆ ಕೂಡಿಕೊಳ್ಳದ ಮೂಳೆಗೆ ಪಿಇಎಂಎಫ್‌ನ ಬಳಕೆ ಹಳೆಯದು. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು 1979ರಲ್ಲಿ. ಅದು ದಿನಕ್ಕೆ ಹಲವು ಗಂಟೆ ಮನೆಯಲ್ಲೇ ಕಟ್ಟಿಕೊಳ್ಳೋ ಸಾಧನ. ಪ್ಲಾಸ್ಟರ್ ಬ್ಯಾಂಡೇಜು ಕಾಂತಕ್ಷೇತ್ರವನ್ನ ತಡೆಯಲ್ಲ, ಮೇಲಿಂದಲೇ ಕಟ್ಟಬಹುದು. ಆದರೆ ಮುರಿದ ತುದಿಗಳ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ಅಂತರ ಇದ್ದರೆ, ತುದಿಗಳು ಅಲ್ಲಾಡ್ತಿದ್ದರೆ ಇದು ಕೂಡಿಸಲ್ಲ. ಮೂಳೆ ತಜ್ಞರ ಎಕ್ಸ್‌ರೇ ತೀರ್ಮಾನ ಇಲ್ಲದೆ ಮುಟ್ಟಬೇಡಿ.

ಹೆರಿಗೆ ಆದಮೇಲೆ ಕೆಮ್ಮಿದರೆ, ಭಾರ ಎತ್ತಿದರೆ ಮೂತ್ರ ಸೋರೋ ತೊಂದರೆಗೆ ಮ್ಯಾಗ್ನೆಟಿಕ್ ಕುರ್ಚಿ ಬೇರೆ ಜಾತಿಯ ಯಂತ್ರ. ಅದು ನರವನ್ನ ಪ್ರಚೋದಿಸಿ ಕಿಬ್ಬೊಟ್ಟೆಯ ತಳದ ಸ್ನಾಯುವನ್ನ ನಿಜವಾಗಿ ಕುಗ್ಗಿಸೋವಷ್ಟು ಬಲದ್ದು. ಎಫ್‌ಡಿಎ ಒಪ್ಪಿಗೆ 1998ರದು. ಬಟ್ಟೆ ಬಿಚ್ಚಬೇಕಾಗಿಲ್ಲ. ಮೊದಲ ಕಾಲದ ಪ್ರೋಟೋಕಾಲ್‌ನಲ್ಲಿ 10 ನಿಮಿಷ 5 ಹರ್ಟ್ಸ್, ಸ್ವಲ್ಪ ಬಿಡುವು, ಮತ್ತೆ 10 ನಿಮಿಷ 50 ಹರ್ಟ್ಸ್, ವಾರಕ್ಕೆರಡು ಸಲ. ನಮ್ಮ ಹೆಣ್ಣುಮಕ್ಕಳು ಈ ತೊಂದರೆಯನ್ನ ಬಾಯಿ ಬಿಟ್ಟು ಹೇಳೋದೇ ಇಲ್ಲ, ಸೊಂಟನೋವು ಅಂತ ಬಂದವರನ್ನ ನೀವೇ ಕೇಳಬೇಕು.

ಆರ್‌ಟಿಎಂಎಸ್_ಟೆಕ್

ಕಾಂತಕ್ಷೇತ್ರದ ಚಿಕಿತ್ಸೆ ಅಂದಾಗ ಅತಿ ಗಟ್ಟಿ ಆಧಾರ ಇರೋದು ಖಿನ್ನತೆಗೆ ಕೊಡೋ ಆರ್‌ಟಿಎಂಎಸ್‌ಗೆ (ತಲೆಯ ಹೊರಗಿಟ್ಟ ಕಾಯಿಲ್‌ನಿಂದ ಮಿದುಳಿಗೆ ಕಾಂತದ ಮಿಡಿತ ಕೊಡೋದು), ಅದನ್ನೂ ಸೇರಿಸ್ತೀನಿ. 1985ರಲ್ಲಿ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ತಲೆಯ ಹೊರಗಿನಿಂದ ಮಿದುಳನ್ನ ಪ್ರಚೋದಿಸಿ ತೋರಿಸಿತು, 2008ರಲ್ಲಿ ಎಫ್‌ಡಿಎ ಖಿನ್ನತೆಗೆ ಒಪ್ಪಿತು. ಎಂಟರ ಆಕಾರದ ಕಾಯಿಲ್ ಕೆಳಗೆ 1.5ರಿಂದ 2 ಟೆಸ್ಲಾ, ಒಂದು ಮಿಡಿತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಇಷ್ಟಾದರೂ ಒಳಗೆ ಮುಟ್ಟೋದು 2-3 ಸೆಂ.ಮೀ. ಮಾಮೂಲಿ ಕ್ರಮದಲ್ಲಿ 10 ಹರ್ಟ್ಸ್, 4 ಸೆಕೆಂಡ್ ಮಿಡಿತ, 26 ಸೆಕೆಂಡ್ ಬಿಡುವು, ಒಟ್ಟು 3000 ಮಿಡಿತ, 37.5 ನಿಮಿಷ. ಹೆಬ್ಬೆರಳು ತುಸು ಅಲುಗೋ ಮಟ್ಟವನ್ನ ಮೊದಲು ಕಂಡುಕೊಂಡು, ಅದರ 120% ಬಲ ಇಡ್ತಾರೆ. ವಾರಕ್ಕೆ 5 ದಿನ, 4ರಿಂದ 6 ವಾರ. ಕಾಯಿಲ್ ತುಸು ವಾಲಿದರೂ ಡೋಸ್ ಇಳಿಯತ್ತೆ, ಅದಕ್ಕೆ ಸೆಷನ್ ನಡುವೆಯೂ ಕೋನ ನೋಡ್ತಿರಬೇಕು. ಟಕ್‌ಟಕ್ ಸದ್ದಿಗೆ ಪೇಷಂಟ್, ಟೆಕ್ನಿಷಿಯನ್ ಇಬ್ಬರಿಗೂ ಇಯರ್‌ಪ್ಲಗ್ ಕಡ್ಡಾಯ. ಫಿಟ್ಸ್ ಅಪರೂಪ, ಆದರೂ ಹಿಂದಿನ ರಾತ್ರಿ ನಿದ್ದೆಗೆಟ್ಟವರು, ಕುಡಿದವರು, ಬ್ಯೂಪ್ರೋಪಿಯಾನ್, ಕ್ಲೋಜಪೈನ್‌ನಂಥ ಔಷಧಿ ತಗೊಳ್ತಿರೋರು ಮೊದಲೇ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ಇದೆ. ಮನೋವೈದ್ಯರ ಚೀಟಿ ಇಲ್ಲದೆ ಮಾಡೋದಲ್ಲ. ತಲೆಗೆ ಮ್ಯಾಗ್ನೆಟ್ ಪಟ್ಟಿ ಕಟ್ಟಿದರೆ ಇದೇ ಆಗತ್ತೆ ಅಂತ ಮಾರೋರ ಮಾತು ಶುದ್ಧ ಸುಳ್ಳು.

ಬಯೋಮೆಡ್_ಕುವೆಂಪುನಗರ

ಯಾರನ್ನ ಬಿಡಬಾರದು ಅನ್ನೋದನ್ನ ರಿಜಿಸ್ಟರಿನ ಮೊದಲ ಪುಟದಲ್ಲೇ ಅಂಟಿಸಿ.

ಪೇಸ್‌ಮೇಕರ್, ಐಸಿಡಿ (ಎದೆಯೊಳಗೆ ಇಡೋ ಶಾಕ್ ಸಾಧನ) ಇದ್ದವರು. ಸುಮಾರು 10 ಗೌಸ್ ಸ್ಥಿರ ಕ್ಷೇತ್ರ ಸಾಕು, ಪೇಸ್‌ಮೇಕರ್ ಹೃದಯದ ಬಡಿತವನ್ನ ಗಮನಿಸೋದು ಬಿಟ್ಟು ಒಂದೇ ಗತಿಯಲ್ಲಿ ಬಡಿಯೋಕೆ ಶುರು ಮಾಡತ್ತೆ. ಐಸಿಡಿಯಲ್ಲಿ ಅಪಾಯದ ಬಡಿತಕ್ಕೆ ಶಾಕ್ ಕೊಡೋ ಕೆಲಸವೇ ನಿಂತುಬಿಡತ್ತೆ. ಮೇಲೆ ಲೆಕ್ಕ ಹಾಕಿದ ಸಣ್ಣ ಬಿಲ್ಲೆಯೇ 3.4 ಸೆಂ.ಮೀ. ದೂರದಲ್ಲಿ ಸುಮಾರು 10 ಗೌಸ್ ಕೊಡತ್ತೆ. ಎಫ್‌ಡಿಎ 2021ರಲ್ಲಿ ಮ್ಯಾಗ್ನೆಟ್ ಇರೋ ಮೊಬೈಲ್, ವಾಚುಗಳನ್ನೇ ಈ ಸಾಧನಗಳಿಂದ 15 ಸೆಂ.ಮೀ. ದೂರ ಇಡಿ ಅಂದಿದೆ. ಮ್ಯಾಗ್ನೆಟ್ ಹಾಸಿಗೆ, ಎದೆಪಟ್ಟಿ, ಕತ್ತಿನ ಸರ ಇವರಿಗೆ ಬೇಡವೇ ಬೇಡ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದವರು ಮಂಡ್ಯ ಸುತ್ತಮುತ್ತ ಬೇಕಾದಷ್ಟಿದ್ದಾರೆ, ಕಾರ್ಡ್ ಕೇಳಿ ನೋಡಿ. ಕೆಲವರು ಎದೆಗೆ ಮಿಷನ್ ಇಟ್ಟಿದ್ದಾರೆ ಅಂತ ಮಾತ್ರ ಹೇಳ್ತಾರೆ.

ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸೋಕೆ ಒಳಗೆ ಕೂರಿಸಿದ ಸಾಧನ) ಇದ್ದ ಮಕ್ಕಳು. ಚರ್ಮದ ಕೆಳಗೇ ಒಂದು ಮ್ಯಾಗ್ನೆಟ್ ಇರತ್ತೆ, ಹೊರಗಿನ ಬಲವಾದ ಮ್ಯಾಗ್ನೆಟ್ ಅದನ್ನ ಜರುಗಿಸಬಹುದು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬರೋ ಮಕ್ಕಳು ನಮ್ಮ ಕಡೆ ಇದ್ದೇ ಇದ್ದಾರೆ. ಜೊತೆಗೆ ತಲೆಯ ನೀರು ಇಳಿಸೋ ಶಂಟ್, ಅದರಲ್ಲೂ ಹೊರಗಿನಿಂದ ಹೊಂದಿಸೋ ಥರದ್ದು. ಇನ್ಸುಲಿನ್ ಪಂಪ್. ತಲೆಯೊಳಗೆ ಕ್ಲಿಪ್. ಬಸುರಿಯರು. ಫಿಟ್ಸ್ ಇದ್ದವರು. ಎಂಆರ್‌ಐಗೆ ಹೋಗೋರು ಬೆಲ್ಟ್, ಬಳೆ, ಪಟ್ಟಿ ಎಲ್ಲ ಕ್ಲಿನಿಕ್ಕಿನಲ್ಲೇ ಬಿಚ್ಚಿಟ್ಟು ಹೋಗಲಿ.

ಹರಿದ ಬೆಲ್ಟಿನಿಂದ ಉದುರಿದ ಬಿಲ್ಲೆಗಳ ಬಗ್ಗೆ ಯಾರೂ ಎಚ್ಚರಿಸಲ್ಲ. ಮಗು ಎರಡು ಬಿಲ್ಲೆ ನುಂಗಿದರೆ ಕರುಳಿನ ಎರಡು ಮಡಿಕೆಗಳ ಗೋಡೆ ನಡುವೆ ಸಿಕ್ಕಿ, ಅವು ಒಂದನ್ನೊಂದು ಹಿಡಿದುಕೊಂಡು ಅಲ್ಲೇ ತೂತು ಬೀಳತ್ತೆ. ಶುರುವಿನಲ್ಲಿ ಮಗು ಆಡಿಕೊಂಡೇ ಇರತ್ತೆ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ. ಕೂಡಲೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ, ನುಂಗಿದ್ದು ಮ್ಯಾಗ್ನೆಟ್ ಅಂತ ಬಾಯಿಬಿಟ್ಟು ಹೇಳಿ. ಎಕ್ಸ್‌ರೇಯಲ್ಲಿ ಎರಡು ಬಿಲ್ಲೆ ಒಂದರ ಮೇಲೊಂದು ಕೂತು ಒಂದೇ ನಾಣ್ಯದ ಹಾಗೆ ಕಾಣಬಹುದು, ಪಕ್ಕದಿಂದಲೂ ತೆಗೆಸಬೇಕು.

ಮ್ಯಾಟ್ ಕೊಳ್ಳುವಾಗ ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಪರವಾನಗಿ ಸಂಖ್ಯೆ ನೋಡಿ. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಆಮದಾದರೆ ಎಂಡಿ-15 ನಮೂನೆಯ ಪರವಾನಗಿ, ಇಲ್ಲೇ ತಯಾರಾದರೆ ವರ್ಗಕ್ಕೆ ತಕ್ಕಂತೆ ಎಂಡಿ-5 ಅಥವಾ ಎಂಡಿ-9. ಇಲ್ಲದಿದ್ದರೆ ಅದು ಚಿಕಿತ್ಸೆಯ ಸಾಧನ ಅಲ್ಲ, ಮನೆ ಸಾಮಾನು. ಸಕ್ಕರೆ ಕಾಯಿಲೆ, ಲಕ್ವ, ಕ್ಯಾನ್ಸರ್ ವಾಸಿ ಮಾಡತ್ತೆ ಅಂತ ಹಾಸಿಗೆಗೆ ಜಾಹೀರಾತು ಕೊಡೋದನ್ನ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಕೆಳಗೆ ಪ್ರಶ್ನಿಸಬಹುದು. ಲಕ್ಷ ಕೊಟ್ಟು ಹಾಸಿಗೆ ಕೊಂಡವರಿಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಕೆ ಹೇಳಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಮಾತ್ರೆ ನಿಲ್ಲಿಸಿ ಅಂತ ಮಾರಾಟದವರು ಹೇಳಿದ್ದಾರಾ ಅಂತ ಕೇಳಲೇಬೇಕು. ಹೆಚ್ಚಿನ ಅನಾಹುತ ಆಗೋದು ಅಲ್ಲಿ.

ಮಂಡ್ಯ_ಫಿಸಿಯೋ

ಎಲ್ಲರಿಗೂ ತುಂಬ ಧನ್ಯವಾದ. ಸೆನ್ಸರ್, ಸ್ಕೋಪ್ ಹಿಡಿದು ಡೆಮೋ ಮ್ಯಾಟ್ ಅಳೆದೆವು. ಕಾಯಿಲ್ ನಡುವೆ ಮೇಲ್ಮೈಯಲ್ಲಿ ಶಿಖರ 62 ಗೌಸ್, 6 ಸೆಂ.ಮೀ. ಮೇಲೆ 5. ಸೊಂಟಕ್ಕೆ ಆಗಲ್ಲ ಅನ್ನೋದು ಖಚಿತವಾಯಿತು. ಮಂಡಿಗೆ ಮ್ಯಾಟನ್ನ ಎರಡೂ ಕಡೆಯಿಂದ ಮಡಿಸಿ ಸುತ್ತಿ ಅಂತ ಡೀಲರ್ ಹೇಳ್ತಾರೆ. ಹಾಗೆ ಮಡಿಸಿ ನಡುವೆ ಸೆನ್ಸರ್ ಇಟ್ಟರೆ ಬಹುತೇಕ ಸೊನ್ನೆ ತೋರಿಸ್ತಿದೆ. ಸೆನ್ಸರ್ ಕೆಟ್ಟಿದೆಯಾ? ಇನ್ನೊಂದು, ಅರ್ಧ ಗಂಟೆ ಓಡಿದ ಮೇಲೆ 62 ಇದ್ದದ್ದು 55ಕ್ಕೆ ಬಂತು.

ಕಾಯಿಲ್_ಮೈಸೂರು

ಸೆನ್ಸರ್ ಸರಿಯಾಗೇ ಇದೆ. ಮ್ಯಾಟ್ ನೆಲದ ಮೇಲೆ ಹಾಸಿದಾಗ ಎಲ್ಲ ಕಾಯಿಲ್‌ಗಳೂ ಮೇಲ್ಮುಖವಾಗಿ ಒಂದೇ ಧ್ರುವ ತೋರಿಸೋ ಹಾಗೆ ಜೋಡಿಸಿದ್ದಾರೆ. ಮಡಿಸಿದ ತಕ್ಷಣ ಎದುರುಬದುರಿನ ಎರಡು ಕಾಯಿಲ್‌ಗಳ ಅದೇ ಮುಖ ಒಳಕ್ಕೆ ತಿರುಗತ್ತೆ, ನಡುವಿನಲ್ಲಿ ಎರಡೂ ಒಂದನ್ನೊಂದು ಹೊಡೆದುಹಾಕ್ತವೆ. ಕೀಲು ಇರೋದೇ ಆ ನಡುವಿನಲ್ಲಿ. ಒಂದೊಂದು ಕಾಯಿಲ್ ಮೇಲೂ ಸೆನ್ಸರಿನ ಅಕ್ಷರದ ಮುಖ ಇಟ್ಟು ವೋಲ್ಟೇಜ್ ಏರತ್ತಾ ಇಳಿಯತ್ತಾ ಅಂತ ನೋಡಿ. ಎಲ್ಲದರಲ್ಲೂ ಒಂದೇ ಕಡೆ ಹೋದರೆ ವಿಷಯ ಇದೇ. ಎದುರಿನ ಕಾಯಿಲ್‌ನ ಎರಡು ತಂತಿ ಅದಲುಬದಲು ಮಾಡಿದರೆ ಕ್ಷೇತ್ರ ಕೂಡತ್ತೆ. ಮಂಡಿ 10-11 ಸೆಂ.ಮೀ. ದಪ್ಪ ಇದ್ದರೆ ನಡುವೆ ಒಂದೊಂದರಿಂದ ಸುಮಾರು 12%, ಸೇರಿ 24%, ನಿಮ್ಮ 62ರಲ್ಲಿ 15 ಗೌಸ್. ತಂತಿಯನ್ನ ನೀವೇ ಬಿಚ್ಚಬೇಡಿ, ವಾರಂಟಿ ಹೋಗತ್ತೆ. ಡೀಲರ್ ಕೈಯಲ್ಲೇ ಮಾಡಿಸಿ, ಧ್ರುವ ಬದಲಿಸೋ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೇದು. ಹಾಗೇ ಬಿಟ್ಟು ಹಾಸೋಕೂ ಮಡಿಸೋಕೂ ಒಂದೇ ಜೋಡಣೆ ಸಾಕು ಅಂದರೆ ಅದು ಆಗದ ಮಾತು.

55ಕ್ಕೆ ಇಳಿದದ್ದು ಬಿಸಿಯಿಂದ. ತಾಮ್ರದ ರೋಧ ಒಂದು ಡಿಗ್ರಿಗೆ 0.39% ಏರತ್ತೆ, 30 ಡಿಗ್ರಿ ಬಿಸಿಯಾದರೆ ಸುಮಾರು 12%. ಕಂಟ್ರೋಲರ್ ವೋಲ್ಟೇಜನ್ನ ಮಾತ್ರ ಹಿಡಿದಿಟ್ಟು ಕರೆಂಟನ್ನ ಹಿಡಿದಿಡದಿದ್ದರೆ ಹೀಗೇ ಆಗೋದು. ಮಂಡ್ಯದಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಒಮ್ಮೆ ಅಳೆದು ನೋಡಿ. ಆಗಲೂ ಇಳಿದರೆ ಒಳಗೆ ರೆಗ್ಯುಲೇಟರ್ರೇ ಇಲ್ಲ, ಸ್ಟೆಬಿಲೈಸರ್ ಬೇಕು. ಕರೆಂಟ್ ಸ್ಥಿರವಾಗಿ ಹಿಡಿಯೋ ಕಂಟ್ರೋಲರ್, 20 ಸೆಂ.ಮೀ.ಗಿಂತ ಅಗಲದ ಎರಡು ರಿಂಗ್ ಕಾಯಿಲ್ ಇರೋ ಮಾದರಿ ಇದೆಯಾ ಅಂತ ಕೇಳಿ. 8 ಸಣ್ಣ ಕಾಯಿಲ್‌ಗಿಂತ ಮಂಡಿಗೂ ಸೊಂಟಕ್ಕೂ ಅದೇ ಮೇಲು. ವಾರದ ಡೆಮೋ ಮುಗಿಯೋದರೊಳಗೆ ಅದನ್ನೂ ಇದೇ ಸ್ಕೇಲಿನ ಮೇಲೆ ಅಳೆದು, 2, 4, 6 ಸೆಂ.ಮೀ.ನ ಅಂಕಿಗಳನ್ನ ಕೊಟೇಶನ್ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ.